ದೋಷವನ್ನು ಸಹಿಸುವ ಸಮನ್ವಯ: ಜೋಗದಿಂದ ಭದ್ರಾವತಿಯವರೆಗಿನ ವಿದ್ಯುಜ್ಜಾಲ

ಹಲವು ಯಂತ್ರಗಳು ಒಂದೇ ಕೆಲಸದಲ್ಲಿ ತೊಡಗಿವೆ. ಪ್ರತಿಯೊಂದಕ್ಕೂ ತನ್ನ ಸುತ್ತಲಿನ ಸ್ಥಿತಿಯಷ್ಟೇ ತಿಳಿದಿದೆ. ಪರಸ್ಪರ ಸಂದೇಶ ಕಳುಹಿಸಲು ಇರುವ ಅವಕಾಶ ಅಲ್ಪ. ಇರುವ ಅವಕಾಶವೂ ಯಾವ ಕ್ಷಣದಲ್ಲಾದರೂ ಕಡಿದುಹೋಗಬಹುದು. ಅವುಗಳಲ್ಲಿ ಒಂದೆರಡು ಯಂತ್ರಗಳು ಕೆಟ್ಟರೂ, ಸುಳ್ಳು ಮಾಹಿತಿ ನೀಡಿದರೂ ಒಟ್ಟು ಕೆಲಸ ನಿಲ್ಲಬಾರದು. ಇಂತಹ ಏರ್ಪಾಡನ್ನು ರೂಪಿಸುವ ಶಾಸ್ತ್ರಕ್ಕೆ ದೋಷಸಹಿಷ್ಣು ಸಮನ್ವಯ ನಿಯಂತ್ರಣ ಎಂದು ಹೆಸರು. ಸ್ವತಂತ್ರವಾಗಿ ನಿರ್ಧಾರ ಕೈಗೊಳ್ಳುವ ಪ್ರತಿಯೊಂದು ಯಂತ್ರವನ್ನೂ ತಜ್ಞರು ಏಜೆಂಟ್ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಅದನ್ನು ಸದಸ್ಯ ಎಂದು ಕರೆಯಲಾಗಿದೆ.

ಡ್ರೋನುಗಳ ಹಿಂಡು, ಚಾಲಕರಹಿತ ವಾಹನಗಳ ಸಾಲು, ಉಪಗ್ರಹಗಳ ಗುಂಪು ಇವೆಲ್ಲ ಈ ಶಾಸ್ತ್ರದ ಇತ್ತೀಚಿನ ಉದಾಹರಣೆಗಳು. ಆದರೆ ಇದರ ಅತ್ಯಂತ ಹಳೆಯ ಹಾಗೂ ಅತ್ಯಂತ ವಿಸ್ತಾರವಾದ ಉದಾಹರಣೆ ಕನ್ನಡಿಗರಿಗೆ ದೂರದ್ದೇನಲ್ಲ. ಶಿವಮೊಗ್ಗ ನಗರದ ದೀಪವನ್ನೂ ಭದ್ರಾವತಿಯ ಕಾರ್ಖಾನೆಯನ್ನೂ ಶರಾವತಿಯ ಜಲಚಕ್ರಗಳೊಂದಿಗೆ ಬೆಸೆದಿರುವ ವಿದ್ಯುಜ್ಜಾಲವೇ ಅದು.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಆಗ ಒಂದೆಡೆ ಉತ್ಪಾದನೆ, ಇನ್ನೊಂದೆಡೆ ಬಳಕೆ. ಸಮನ್ವಯದ ಸಮಸ್ಯೆ ಸರಳವಾಗಿತ್ತು. ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾಯಿತು. ಜೋಗದ ಜಲವಿದ್ಯುತ್ ಕೇಂದ್ರ 1948ರ ಫೆಬ್ರವರಿಯಲ್ಲಿ ಕಾರ್ಯಾರಂಭ ಮಾಡಿತು. ಮಹಾತ್ಮ ಗಾಂಧಿಯವರ ಹೆಸರು ಪಡೆದ ಈ ಕೇಂದ್ರ ನಾಲ್ಕು 12 ಮೆಗಾವಾಟ್ ಹಾಗೂ ನಾಲ್ಕು 18 ಮೆಗಾವಾಟ್ ಘಟಕಗಳೊಂದಿಗೆ 120 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದ ಬಳಿಕ 1965ರಿಂದ 1977ರ ನಡುವೆ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಒಂದೊಂದಾಗಿ ಬಂದವು. ಅವುಗಳ ಇಂದಿನ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಈ ಯೋಜನೆಗಾಗಿ ಮನೆ ಹೊಲ ಬಿಟ್ಟು ಹೋದ ಕುಟುಂಬಗಳ ಪುನರ್ವಸತಿಯ ಪ್ರಶ್ನೆ ದಶಕಗಳ ನಂತರವೂ ಪೂರ್ಣವಾಗಿ ಬಗೆಹರಿದಿಲ್ಲ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಹೀಗೆ ಉತ್ಪಾದಕರೂ ಬಳಕೆದಾರರೂ ಹೆಚ್ಚಿದಂತೆ ಒಂದು ಪ್ರಶ್ನೆ ಎದುರಾಯಿತು. ವಿದ್ಯುತ್ತನ್ನು ಜಾಲದೊಳಗೆ ಕೂಡಿಡಲಾಗದು; ಉತ್ಪಾದನೆ ಮತ್ತು ಬಳಕೆ ಪ್ರತಿಕ್ಷಣವೂ ಸರಿಹೊಂದಬೇಕು. ಭದ್ರಾವತಿಯಲ್ಲಿ ಒಂದು ವಿದ್ಯುತ್ ಕುಲುಮೆ ಹೊತ್ತಿಕೊಂಡಾಗ ಜೋಗದ ಯಂತ್ರಕ್ಕೆ ಅದನ್ನು ತಿಳಿಸುವವರು ಯಾರು? ದೂರವಾಣಿ ಮಾಡಿ ಹೇಳುವಷ್ಟು ಸಮಯ ಅಲ್ಲಿಲ್ಲ.

ಎಲ್ಲರಿಗೂ ಕೇಳುವ ಒಂದೇ ಸಂದೇಶ

ಉತ್ತರ ಯಂತ್ರದ ವೇಗದಲ್ಲಿದೆ. ಪರ್ಯಾಯ ವಿದ್ಯುತ್ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಆವರ್ತಿಸುತ್ತದೆ ಎಂಬುದು ಅದರ ಆವರ್ತನ. ಇದನ್ನೇ ಫ್ರೀಕ್ವೆನ್ಸಿ ಎನ್ನುವುದು. ನಮ್ಮ ದೇಶದಲ್ಲಿ ಅದು 50 ಹರ್ಟ್ಸ್. ಇಪ್ಪತ್ತು ಧ್ರುವಗಳ ಜನರೇಟರು ನಿಮಿಷಕ್ಕೆ 300 ಸುತ್ತು ತಿರುಗಿದರೆ 50 ಹರ್ಟ್ಸ್ ದೊರೆಯುತ್ತದೆ. ಒಂದೇ ಜಾಲಕ್ಕೆ ಸೇರಿದ ಎಲ್ಲ ಜನರೇಟರುಗಳೂ ಪರಸ್ಪರ ಕಟ್ಟಿಹಾಕಿದಂತೆ ಒಂದೇ ಆವರ್ತನದಲ್ಲಿ ತಿರುಗುತ್ತವೆ. ಬಳಕೆ ಹೆಚ್ಚಾದ ಕ್ಷಣ ಎಲ್ಲ ಯಂತ್ರಗಳ ವೇಗವೂ ತುಸು ಕುಗ್ಗುತ್ತದೆ. ಬಳಕೆ ಇಳಿದರೆ ಏರುತ್ತದೆ. ಅಂದರೆ ಜಾಲದ ಒಟ್ಟು ಕೊರತೆ ಎಷ್ಟೆಂಬ ಸುದ್ದಿ ಆವರ್ತನದ ರೂಪದಲ್ಲಿ ಪ್ರತಿಯೊಂದು ಯಂತ್ರದ ಬಾಗಿಲಿಗೂ ತಾನಾಗಿ ಬಂದು ತಲುಪುತ್ತದೆ. ಪ್ರತ್ಯೇಕ ತಂತಿ ಬೇಡ, ಗೋಪುರ ಬೇಡ, ಸಂದೇಶವಾಹಕ ಬೇಡ.

ಈ ಸಂದೇಶವನ್ನು ಓದಿ ಜಲಚಕ್ರಕ್ಕೆ ಹರಿಯುವ ನೀರನ್ನು ಹೆಚ್ಚು ಕಡಿಮೆ ಮಾಡುವ ಉಪಕರಣವೇ ಗವರ್ನರ್. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿ ಗವರ್ನರಿಗೂ 'ಆವರ್ತನವನ್ನು ಸರಿಯಾಗಿ 50ಕ್ಕೇ ನಿಲ್ಲಿಸು' ಎಂದು ಆಜ್ಞಾಪಿಸಿದರೆ ಅನಾಹುತ ಖಚಿತ. ಒಂದರ ಅಳತೆ 50.01 ಎಂದೂ ಇನ್ನೊಂದರ ಅಳತೆ 49.99 ಎಂದೂ ತೋರಿದರೆ ಮೊದಲನೆಯದು ನೀರನ್ನು ಮುಚ್ಚುತ್ತಲೇ ಹೋಗುತ್ತದೆ, ಎರಡನೆಯದು ತೆರೆಯುತ್ತಲೇ ಹೋಗುತ್ತದೆ. ಕೊನೆಗೆ ಒಂದು ಖಾಲಿ ತಿರುಗಿದರೆ ಮತ್ತೊಂದು ಭಾರದಿಂದ ಬಳಲುತ್ತದೆ. ಆದುದರಿಂದ ಗವರ್ನರುಗಳಿಗೆ ಸ್ವಲ್ಪ ಬಾಗುವ ಗುಣವನ್ನು ಕೊಡಲಾಗುತ್ತದೆ. ಇದಕ್ಕೆ ಡ್ರೂಪ್ ಎಂದು ಹೆಸರು.

ಡ್ರೂಪ್ ಶೇ. 5 ಎಂದಿಟ್ಟುಕೊಳ್ಳೋಣ. ಆವರ್ತನ ಶೇ. 5ರಷ್ಟು, ಅಂದರೆ 2.5 ಹರ್ಟ್ಸ್ ಕುಸಿದರೆ ಯಂತ್ರ ತನ್ನ ಪೂರ್ಣ ಸಾಮರ್ಥ್ಯದಷ್ಟು ಉತ್ಪಾದನೆಯನ್ನು ಏರಿಸಬೇಕೆಂಬುದು ಇದರ ಅರ್ಥ. ಆ ಲೆಕ್ಕದಲ್ಲಿ 0.1 ಹರ್ಟ್ಸ್ ಕುಸಿದಾಗ ಪ್ರತಿ ಯಂತ್ರವೂ ತನ್ನ ಸಾಮರ್ಥ್ಯದ ಶೇ. 4ರಷ್ಟು ಹೆಚ್ಚು ನೀಡಬೇಕು. ಶರಾವತಿಯ ಹತ್ತು ಘಟಕಗಳೂ ನಡೆಯುತ್ತಿದ್ದು, ಮೇಲೇರಲು ಅವಕಾಶವಿದ್ದರೆ ಅವು ಒಟ್ಟಾಗಿ ಸುಮಾರು 41 ಮೆಗಾವಾಟ್ ಸೇರಿಸುತ್ತವೆ. ದೊಡ್ಡ ಯಂತ್ರ ಹೆಚ್ಚು ಹೊರುತ್ತದೆ, ಸಣ್ಣದು ಕಡಿಮೆ ಹೊರುತ್ತದೆ. ಯಾರೂ ಯಾರನ್ನೂ ಕೇಳಬೇಕಿಲ್ಲ. ಒಂದು ಘಟಕ ಹಠಾತ್ತನೆ ನಿಂತರೆ ಅದರ ಪಾಲು ಉಳಿದವುಗಳಿಗೆ ತಾನಾಗಿ ಹಂಚಿಹೋಗುತ್ತದೆ. ನಿಂತದ್ದು ಯಾವುದು, ಏಕೆ ನಿಂತಿತು ಎಂಬುದು ಉಳಿದವಕ್ಕೆ ತಿಳಿಯಬೇಕಾದ ಅಗತ್ಯವೇ ಇಲ್ಲ. ದೋಷಸಹಿಷ್ಣುತೆಯ ಮೊದಲ ಪಾಠ ಇದು.

ಈ ವಿಧಾನಕ್ಕೆ ಒಂದು ಬೆಲೆಯೂ ಇದೆ. ಆವರ್ತನ 50ಕ್ಕೆ ಮರಳುವುದಿಲ್ಲ, ತುಸು ಕೆಳಗೇ ನಿಲ್ಲುತ್ತದೆ. ಅದನ್ನು ಮತ್ತೆ ಮೇಲೆತ್ತಲು ಎರಡನೆಯ ಹಂತದ ನಿಯಂತ್ರಣ ಬೇಕು. ಅಲ್ಲಿ ಸಂಪರ್ಕ ವ್ಯವಸ್ಥೆ ಅನಿವಾರ್ಯ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರ ದೂರದ ಉಪಕೇಂದ್ರಗಳಿಂದ ಅಳತೆಗಳನ್ನು ತರಿಸಿಕೊಂಡು ಯಾರು ಎಷ್ಟು ಏರಿಸಬೇಕೆಂದು ಸೂಚಿಸುತ್ತದೆ. ಕೇಂದ್ರದಿಂದ ನೇರವಾಗಿ ಸ್ಥಾವರಕ್ಕೆ ಸ್ವಯಂಚಾಲಿತ ಸಂಕೇತ ಕಳುಹಿಸುವ ಪದ್ಧತಿಯ ಪ್ರಯೋಗ ದೇಶದಲ್ಲಿ 2018ರಲ್ಲಿ ದಾದ್ರಿ ಉಷ್ಣ ವಿದ್ಯುತ್ ಸ್ಥಾವರದಿಂದ ಆರಂಭವಾಯಿತು.

ಬೆಲೆಯೂ ಒಂದು ಸಂಕೇತ

1990ರ ದಶಕದಲ್ಲಿ ದಕ್ಷಿಣ ಭಾರತದ ಜಾಲದ ಆವರ್ತನ 48.5 ಹರ್ಟ್ಸ್‌ಗಿಂತಲೂ ಕೆಳಗಿಳಿಯುವುದು ಸಾಮಾನ್ಯವಾಗಿತ್ತು. ಪ್ರತಿ ರಾಜ್ಯವೂ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಳ್ಳುತ್ತಿತ್ತು. ಸಂಜೆಯ ಹೊತ್ತು ದೀಪಗಳು ಮಂಕಾಗುತ್ತಿದ್ದವು. ದಕ್ಷಿಣ ವಲಯದಲ್ಲಿ 2003ರ ಜನವರಿ 1ರಿಂದ ಲಭ್ಯತೆ ಆಧಾರಿತ ದರ ಪದ್ಧತಿ ಜಾರಿಯಾಯಿತು. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಸೆಳೆದವರು ತೆರಬೇಕಾದ ದರವನ್ನು ಆ ಕಾಲು ಗಂಟೆಯ ಆವರ್ತನಕ್ಕೇ ಗಂಟು ಹಾಕಲಾಯಿತು. ಆವರ್ತನ ಕುಸಿದಷ್ಟೂ ದರ ಏರುತ್ತದೆ. ಉಪಕೇಂದ್ರದ ಗೋಡೆಯ ಮೇಲಿನ ಮಾಪಕವನ್ನು ನೋಡಿದ ಎಂಜಿನಿಯರಿಗೆ ಆ ಹೊತ್ತಿನ ಬೆಲೆ ಎಷ್ಟೆಂಬುದು ತಿಳಿಯುತ್ತಿತ್ತು. ಯಾರೂ ಬೆಲೆ ಸಾರಬೇಕಿರಲಿಲ್ಲ. ಯಂತ್ರಗಳ ನಡುವೆ ನಡೆಯುತ್ತಿದ್ದ ಮೂಕ ಸಮನ್ವಯ ಹೀಗೆ ರಾಜ್ಯಗಳ ನಡುವಣ ಹಣಕಾಸಿನ ಸಮನ್ವಯವೂ ಆಯಿತು. ಮುಂದೆ ನಿಯಮಗಳು ಹಲವು ಬಾರಿ ಪರಿಷ್ಕೃತವಾಗಿ, ಅನುಮತಿಸಿದ ಆವರ್ತನದ ಅಂತರ 49.90ರಿಂದ 50.05ಕ್ಕೆ ಕಿರಿದಾಯಿತು.

ಕಾಯುವಿಕೆಯೂ ಮಾತೇ

ದೋಷಗಳಲ್ಲಿ ಮುಖ್ಯವಾದದ್ದು ಮಾರ್ಗದ ದೋಷ. ಮಲೆನಾಡಿನ ಮಳೆಗಾಲದಲ್ಲಿ ಮರ ಉರುಳಿಯೋ ಸಿಡಿಲು ಬಡಿದೋ ತಂತಿ ನೆಲಕ್ಕೆ ತಾಗುವುದು ವಾಡಿಕೆ. ಆಗ ಆ ಮಾರ್ಗವನ್ನು ಮಾತ್ರ ಕೂಡಲೇ ಬೇರ್ಪಡಿಸಬೇಕು. ಆರೋಗ್ಯವಾಗಿರುವ ಮಾರ್ಗವನ್ನು ಕತ್ತರಿಸಬಾರದು. ಈ ನಿರ್ಧಾರವನ್ನು ಮಾರ್ಗದ ಎರಡೂ ತುದಿಯಲ್ಲಿರುವ ರಿಲೇಗಳು ಪ್ರತ್ಯೇಕವಾಗಿ ಕೈಗೊಳ್ಳುತ್ತವೆ.

ಶರಾವತಿಯಿಂದ ಶಿವಮೊಗ್ಗಕ್ಕೆ ಬರುವ 220 ಕೆ.ವಿ. ಮಾರ್ಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶರಾವತಿ ತುದಿಯ ದೂರಮಾಪಕ ರಿಲೇ ತನ್ನಲ್ಲಿರುವ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ದೋಷ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುತ್ತದೆ. ಅಳತೆಯಲ್ಲಿ ತಪ್ಪಿರಬಹುದಾದ್ದರಿಂದ ಮಾರ್ಗದ ಮೊದಲ ಶೇ. 80 ಭಾಗದಲ್ಲಿ ದೋಷವಿದ್ದರೆ ಮಾತ್ರ ತಕ್ಷಣ ಕತ್ತರಿಸುತ್ತದೆ. ಅದಕ್ಕೂ ಆಚೆಯದ್ದಾದರೆ ಸುಮಾರು 0.3ರಿಂದ 0.4 ಸೆಕೆಂಡ್ ಕಾಯುತ್ತದೆ. ದೋಷ ಶಿವಮೊಗ್ಗದಿಂದ ಮುಂದಿನ ಮಾರ್ಗದಲ್ಲಿದ್ದರೆ ಆ ಅವಧಿಯೊಳಗೆ ಶಿವಮೊಗ್ಗದ ರಿಲೇ ತನ್ನ ಕೆಲಸ ಮುಗಿಸಿರುತ್ತದೆ. ದೋಷದ ಕರೆಂಟು ಮಾಯವಾಗುತ್ತದೆ, ಶರಾವತಿಯ ರಿಲೇ ಸುಮ್ಮನಾಗುತ್ತದೆ. ಕರೆಂಟು ಇನ್ನೂ ಹರಿಯುತ್ತಿದ್ದರೆ ಮುಂದಿನವನು ವಿಫಲನಾಗಿದ್ದಾನೆ ಎಂದು ಅರ್ಥ. ಆಗ ಹಿಂದಿನವನೇ ಕತ್ತರಿಸುತ್ತಾನೆ. ಇಲ್ಲಿ ಒಂದು ಅಕ್ಷರದ ಸಂದೇಶವೂ ವಿನಿಮಯವಾಗಲಿಲ್ಲ. ಕಾಯುವ ಅವಧಿಯೇ ಒಪ್ಪಂದವಾಯಿತು.

ಸಂದೇಶವಿದ್ದರೆ ಕೆಲಸ ಇನ್ನೂ ಚುರುಕು. ವಿದ್ಯುತ್ ತಂತಿಯ ಮೇಲೆಯೇ ಅಧಿಕ ಆವರ್ತನದ ಅಲೆಯನ್ನು ಹರಿಸಿ ಮಾತು ಮತ್ತು ಸಂಕೇತ ಕಳುಹಿಸುವ ಪಿ.ಎಲ್.ಸಿ.ಸಿ. ವ್ಯವಸ್ಥೆ ದಶಕಗಳಿಂದ ಬಳಕೆಯಲ್ಲಿದೆ. ಒಂದು ವಾಹಿನಿಯ ಅಗಲ 4 ಕಿಲೋಹರ್ಟ್ಸ್ ಮಾತ್ರ. ಸಾಧಾರಣ ದೂರವಾಣಿ ಮಾತಿಗೆ ಸಾಲುವಷ್ಟು. 'ನಾನು ನನ್ನ ಕಡೆ ದೋಷ ಕಂಡಿದ್ದೇನೆ' ಎಂಬ ಹೌದು-ಅಲ್ಲ ಸಂಕೇತವನ್ನು ಇದರ ಮೂಲಕ ಎದುರು ತುದಿಗೆ ಕಳುಹಿಸಿದರೆ ಆ ಕಾಯುವಿಕೆ ತಪ್ಪುತ್ತದೆ. ಇಂದು ಇದರ ಜೊತೆಗೆ ಬೆಳಕಿನ ಎಳೆಯ ಕೇಬಲ್‌ಗಳೂ ಬಂದಿವೆ. ಆದರೆ ಸಂದೇಶ ಬಾರದೇ ಹೋದರೂ ರಿಲೇ ಕೈಕಟ್ಟಿ ಕೂರುವುದಿಲ್ಲ. ಹಳೆಯ ಕಾಲಮಿತಿಯ ಲೆಕ್ಕಕ್ಕೆ ಮರಳುತ್ತದೆ. ಸಂಪರ್ಕ ಇದ್ದರೆ ಉತ್ತಮ ಕೆಲಸ, ಇಲ್ಲದಿದ್ದರೆ ನಿಧಾನವಾದರೂ ಸುರಕ್ಷಿತ ಕೆಲಸ. ಮಿತ ಸಂಪರ್ಕದ ಯಾವುದೇ ಸಮನ್ವಯ ವ್ಯವಸ್ಥೆಗೆ ಇದೇ ಸೂತ್ರ.

ಸುಳ್ಳು ಹೇಳುವ ಸದಸ್ಯ

ಸತ್ತ ಸದಸ್ಯನಿಗಿಂತ ಸುಳ್ಳು ಹೇಳುವ ಸದಸ್ಯ ಹೆಚ್ಚು ಅಪಾಯಕಾರಿ. ಕೆಟ್ಟ ಮಾಪಕವೊಂದು ತಪ್ಪು ಅಂಕಿಯನ್ನು ಅತ್ಯಂತ ವಿಶ್ವಾಸದಿಂದ ಕಳುಹಿಸುತ್ತಲೇ ಇರಬಹುದು. ಲೆಸ್ಲಿ ಲ್ಯಾಂಪೋರ್ಟ್, ರಾಬರ್ಟ್ ಶೋಸ್ಟಾಕ್ ಮತ್ತು ಮಾರ್ಷಲ್ ಪೀಸ್ 1982ರಲ್ಲಿ ಬೈಜಾಂಟಿಯಮ್ ಸೇನಾಧಿಪತಿಗಳ ಸಮಸ್ಯೆ ಎಂಬ ಹೆಸರಿನಲ್ಲಿ ಇದನ್ನು ಗಣಿತಕ್ಕೆ ತಂದರು. ಸಂದೇಶಗಳಿಗೆ ಸಹಿಯ ರಕ್ಷಣೆ ಇಲ್ಲದಾಗ ಒಬ್ಬ ದ್ರೋಹಿಯನ್ನು ಸಹಿಸಿಕೊಂಡು ಉಳಿದವರು ಒಮ್ಮತಕ್ಕೆ ಬರಬೇಕಾದರೆ ಕನಿಷ್ಠ ನಾಲ್ವರಿರಬೇಕು, ಇಬ್ಬರನ್ನು ಸಹಿಸಲು ಏಳು ಮಂದಿ ಬೇಕು ಎಂಬುದು ಅವರ ನಿರ್ಣಯ.

ಈ ಶಾಸ್ತ್ರದಲ್ಲಿ ಒಮ್ಮತ ಸಾಧಿಸುವ ಸಾಮಾನ್ಯ ಉಪಾಯ ಸರಳವಾದದ್ದು: ಪ್ರತಿ ಸದಸ್ಯನೂ ನೆರೆಯವರ ಅಂಕಿಗಳನ್ನು ಕೇಳಿ ತನ್ನ ಅಂಕಿಯನ್ನು ಅವುಗಳ ಸರಾಸರಿಯತ್ತ ಸರಿಸುತ್ತಾನೆ. ಜಾಲ ತುಂಡಾಗದಿದ್ದರೆ ಎಲ್ಲರೂ ಕ್ರಮೇಣ ಒಂದೇ ಅಂಕಿಗೆ ಬರುತ್ತಾರೆ. ಆದರೆ ಒಬ್ಬ ಸುಳ್ಳುಗಾರ ಎಲ್ಲರನ್ನೂ ದಾರಿ ತಪ್ಪಿಸಬಲ್ಲ. ಐದು ಕೇಂದ್ರಗಳು ಆವರ್ತನವನ್ನು 49.98, 49.97, 49.99, 49.98 ಮತ್ತು 55.00 ಎಂದು ತಿಳಿಸಿದವು ಎನ್ನೋಣ. ಸರಾಸರಿ 50.98, ಕೊರತೆ ಇರುವ ಜಾಲದಲ್ಲಿ ಹೆಚ್ಚಳ ಕಾಣುತ್ತದೆ, ಯಂತ್ರಗಳು ನೀರನ್ನು ಮುಚ್ಚತೊಡಗುತ್ತವೆ. ಇದಕ್ಕೆ ಬದಲಾಗಿ ಅತಿ ಹೆಚ್ಚಿನ ಒಂದನ್ನೂ ಅತಿ ಕಡಿಮೆಯ ಒಂದನ್ನೂ ಕೈಬಿಟ್ಟು ಉಳಿದ ಮೂರರ ಸರಾಸರಿ ತೆಗೆದರೆ 49.98 ಬರುತ್ತದೆ. ಸುಳ್ಳುಗಾರ ಯಾರೆಂದು ಪತ್ತೆ ಹಚ್ಚದೆಯೇ ಅವನ ಪ್ರಭಾವ ಅಳಿಯಿತು. ಈ ಬಗೆಯ ವಿಧಾನ ಯಾವ ಯಾವ ಜಾಲಗಳಲ್ಲಿ ಫಲಿಸುತ್ತದೆ ಎಂಬುದನ್ನು 2013ರಲ್ಲಿ ಲೆಬ್ಲಾಂಕ್, ಜಾಂಗ್, ಕೌಟ್ಸೌಕೋಸ್ ಮತ್ತು ಸುಂದರಂ ಎಂಬ ಸಂಶೋಧಕರು ಸಾಧಿಸಿ ತೋರಿಸಿದರು. ಪ್ರತಿ ಸದಸ್ಯನಿಗೂ ಸಾಕಷ್ಟು ಸ್ವತಂತ್ರ ನೆರೆಯವರಿರಬೇಕೆಂಬುದು ಅದರ ತಿರುಳು. ಒಬ್ಬನ ಮಾತನ್ನೇ ನಂಬಿರುವ ಕೇಂದ್ರಕ್ಕೆ ಯಾವ ಗಣಿತವೂ ನೆರವಾಗದು.

ಜಾಲ ಕುಸಿದ ದಿನಗಳು

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಸತತ ಎರಡು ದಿನ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಜಾಲಗಳೂ ಬಿದ್ದು ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶಕ್ಕೆ ಕತ್ತಲು ಕವಿಯಿತು. ಬೀನಾ–ಗ್ವಾಲಿಯರ್ ನಡುವಣ 400 ಕೆ.ವಿ. ಮಾರ್ಗದಲ್ಲಿ ಯಾವ ತಂತಿಯೂ ನೆಲಕ್ಕೆ ಬಿದ್ದಿರಲಿಲ್ಲ. ಹೊರೆ ವಿಪರೀತವಾಗಿತ್ತು, ರಿಲೇ ಅದನ್ನು ದೂರದ ದೋಷವೆಂದು ಭ್ರಮಿಸಿ ಮಾರ್ಗವನ್ನು ಕತ್ತರಿಸಿತು. ಆ ಹೊರೆ ಇತರ ಮಾರ್ಗಗಳ ಮೇಲೆ ಬಿದ್ದು ಅವೂ ಒಂದರ ಹಿಂದೊಂದು ಕಡಿದವು. ಪ್ರತಿ ಸದಸ್ಯನೂ ತನ್ನ ನಿಯಮದಂತೆಯೇ ನಡೆದುಕೊಂಡಿದ್ದ. ಒಟ್ಟು ಫಲ ಮಾತ್ರ ವಿನಾಶಕರವಾಯಿತು. ಆವರ್ತನ ಕುಸಿದಾಗ ತಾವಾಗಿ ಕೆಲವು ಫೀಡರ್‌ಗಳನ್ನು ಕತ್ತರಿಸಬೇಕಿದ್ದ ರಿಲೇಗಳಿಂದ ಅಪೇಕ್ಷಿತ ಪರಿಹಾರ ಸಿಗಲಿಲ್ಲವೆಂದು ವಿಚಾರಣಾ ಸಮಿತಿ ಗುರುತಿಸಿತು.

ಆ ಎರಡೂ ದಿನ ಕರ್ನಾಟಕದಲ್ಲಿ ದೀಪ ಉರಿಯುತ್ತಿತ್ತು. ಆಗ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ನೇರ ವಿದ್ಯುತ್ ಮಾರ್ಗಗಳ ಮೂಲಕ ಮಾತ್ರ ಬೆಸೆದಿತ್ತು. ಆವರ್ತನ ಬೇರೆಯೇ ಇತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುತ್ತಿದ್ದ ವಿದ್ಯುತ್ ಎರಡನೆಯ ದಿನ ತಪ್ಪಿದರೂ ದಕ್ಷಿಣ ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲದಲ್ಲಿ ಒಂದಾಯಿತು. ಅಂದಿನಿಂದ ಜೋಗದ ಯಂತ್ರವೂ ಕಾಶ್ಮೀರದ ಯಂತ್ರವೂ ಒಂದೇ ತಾಳಕ್ಕೆ ತಿರುಗುತ್ತಿವೆ. ನೆರವು ದೂರದಿಂದ ಬರುತ್ತದೆ. ಆಪತ್ತೂ ದೂರದಿಂದ ಬರಬಹುದು.

ನಮ್ಮ ಜಿಲ್ಲೆಯದೇ ಪಾಠವೊಂದಿದೆ. 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲಿ ಬೆಂಕಿ ಕಾಣಿಸಿಕೊಂಡು ಹತ್ತೂ ಘಟಕಗಳು ಒಟ್ಟಿಗೇ ಸ್ಥಗಿತಗೊಂಡವು. ಹತ್ತು ಯಂತ್ರಗಳಿದ್ದರೆ ಹತ್ತು ಸ್ವತಂತ್ರ ಸದಸ್ಯರಿದ್ದಾರೆ ಎಂದು ಭಾವಿಸುವುದು ಸಹಜ. ಅವು ಒಂದೇ ಕಟ್ಟಡ, ಒಂದೇ ವ್ಯವಸ್ಥೆಯನ್ನು ಹಂಚಿಕೊಂಡಿದ್ದರೆ ಕೆಲವು ದೋಷಗಳ ಮಟ್ಟಿಗೆ ಅವು ಒಂದೇ ಸದಸ್ಯ. ಸಂಖ್ಯೆಯಲ್ಲಿ ಬಹುಳತೆ ಇದ್ದರೆ ಸಾಲದು, ದೋಷದ ಕಾರಣಗಳೂ ಬೇರೆಬೇರೆಯಾಗಿರಬೇಕು.

ಕತ್ತಲು ಯಾರ ಪಾಲಿಗೆ?

ಕೊರತೆ ಮಿತಿಮೀರಿ ಆವರ್ತನ 49.4 ಹರ್ಟ್ಸ್‌ಗಿಂತ ಕೆಳಗಿಳಿದರೆ ರಿಲೇಗಳು ಹಂತ ಹಂತವಾಗಿ ಫೀಡರ್‌ಗಳನ್ನು ಕತ್ತರಿಸುವ ಏರ್ಪಾಡಿದೆ. ಇಡೀ ದೇಹವನ್ನು ಉಳಿಸಲು ಬೆರಳನ್ನು ಬಿಟ್ಟುಕೊಡುವಂತಹ ಕ್ರಮ ಇದು. ಕೆಲವೇ ಸೆಕೆಂಡುಗಳಲ್ಲಿ ನಡೆಯುವ ಈ ಕ್ರಿಯೆಯಲ್ಲಿ ಯಾರನ್ನೂ ಕೇಳಲು ಸಮಯವಿಲ್ಲ. ಆದ್ದರಿಂದ ಯಾವ ಫೀಡರ್ ಮೊದಲು ಕತ್ತಲಾಗಬೇಕು ಎಂಬುದನ್ನು ಮುಂಚೆಯೇ ಬರೆದಿಡಲಾಗುತ್ತದೆ. ಆಸ್ಪತ್ರೆ, ಕುಡಿಯುವ ನೀರಿನ ಸ್ಥಾವರ, ರೈಲು ಮಾರ್ಗಗಳನ್ನು ಹೊರಗಿಡುವುದು ಸರಿಯೇ. ಭದ್ರಾವತಿಯಂಥ ಊರಿನಲ್ಲಿ ಕುಲುಮೆಗೆ ತಂಪು ನೀರು ಹಾಯಿಸುವ ಪಂಪು ಹಠಾತ್ತನೆ ನಿಂತರೆ ಆಗುವ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಉಳಿದವರಲ್ಲಿ ಪ್ರತಿ ಬಾರಿಯೂ ಒಂದೇ ಹಳ್ಳಿಯ ಪಂಪ್‌ಸೆಟ್ ಮಾರ್ಗವೇ ಮೊದಲ ಸಾಲಿನಲ್ಲಿದ್ದರೆ ಅದು ತಾಂತ್ರಿಕ ನಿರ್ಧಾರವಾಗಿ ಉಳಿಯುವುದಿಲ್ಲ. ಸರದಿಯ ಪ್ರಕಾರ ಪಟ್ಟಿ ಬದಲಾಗುವುದು, ಪಟ್ಟಿ ಸಾರ್ವಜನಿಕರಿಗೆ ತಿಳಿದಿರುವುದು ಮತ್ತು ರಿಲೇಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ಕಾಲಕಾಲಕ್ಕೆ ಪರೀಕ್ಷೆಯಾಗುವುದು, ಈ ಮೂರೂ ಸಮನ್ವಯದ ಭಾಗಗಳೇ.

ಜಾಲ ಪೂರ್ತಿ ಬಿದ್ದಾಗ ಮತ್ತೆ ಎಬ್ಬಿಸುವ ಹೊಣೆ ಜಲವಿದ್ಯುತ್ ಕೇಂದ್ರಗಳದು. ಉಷ್ಣ ಸ್ಥಾವರಕ್ಕೆ ತನ್ನ ಪಂಪು, ಫ್ಯಾನುಗಳನ್ನು ಓಡಿಸಲು ಹೊರಗಿನ ವಿದ್ಯುತ್ ಬೇಕು. ಜಲಕೇಂದ್ರಕ್ಕೆ ಸಣ್ಣ ಡೀಸೆಲ್ ಜನರೇಟರು ಅಥವಾ ಬ್ಯಾಟರಿಯ ಆಸರೆ ಸಾಕು. ಬಾಗಿಲು ತೆರೆದರೆ ನೀರು ಹರಿಯುತ್ತದೆ. ಮೊದಲು ಒಂದು ಯಂತ್ರ, ಬಳಿಕ ಒಂದು ಮಾರ್ಗ, ಆ ಬಳಿಕ ಒಂದು ಊರು ಎಂಬ ಕ್ರಮದಲ್ಲಿ ಬೆಳಕು ಮರಳುತ್ತದೆ.

ಮುಂದಿನ ಸವಾಲು

ಕರ್ನಾಟಕದಲ್ಲಿ ಈಗ ಹಗಲಿನ ವಿದ್ಯುತ್ತಿನ ದೊಡ್ಡ ಪಾಲು ಸೂರ್ಯನದು. ಪಾವಗಡದ ಸೌರ ಉದ್ಯಾನವೊಂದರ ಸಾಮರ್ಥ್ಯವೇ 2,050 ಮೆಗಾವಾಟ್. ಸೌರ ಫಲಕದಲ್ಲಿ ತಿರುಗುವ ಭಾರವಾದ ಚಕ್ರವಿಲ್ಲ. ಚಕ್ರದ ಜಡತ್ವವೇ ಆವರ್ತನ ನಿಧಾನವಾಗಿ ಕುಸಿಯುವಂತೆ ಮಾಡಿ ಗವರ್ನರಿಗೆ ಸಮಯ ದೊರಕಿಸುತ್ತಿತ್ತು. ಆ ಸಮಯ ಕಿರಿದಾಗುತ್ತಿದೆ. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು 2025ರ ಏಪ್ರಿಲ್ 28ರಂದು ಕತ್ತಲಲ್ಲಿ ಮುಳುಗಿದಾಗ ಮೂಲ ಕಾರಣವಾದದ್ದು ಅಂಕೆ ಮೀರಿ ಏರಿದ ವೋಲ್ಟೇಜ್. ವೋಲ್ಟೇಜ್ ಸ್ಥಳೀಯ ಗುಣ; ಆವರ್ತನದಂತೆ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಅದನ್ನು ಕಾಯಲು ಆಯಾ ಸ್ಥಳದ ಸದಸ್ಯರೇ ಬೇಕು.

ಇನ್ವರ್ಟರ್‌ಗಳಿಗೂ ಡ್ರೂಪ್ ಗುಣ ಕಲಿಸಬಹುದೆಂಬುದು 1993ರಿಂದಲೇ ತಿಳಿದಿದೆ. ಬ್ಯಾಟರಿಗಳು ಕ್ಷಣಾರ್ಧದಲ್ಲಿ ನೆರವಿಗೆ ಬರಬಲ್ಲವು. ನೀರನ್ನು ಮೇಲಕ್ಕೆ ಪಂಪು ಮಾಡಿ ಸಂಜೆ ಇಳಿಸುವ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಇದೇ ಕಾರಣಕ್ಕೆ ಮುಂದಿಟ್ಟಿದೆ. ಸಿಂಗಳೀಕಗಳ ನೆಲೆಯಾದ ಕಣಿವೆಗೆ ಅದು ಮಾರಕವೆಂದು ಪರಿಸರಾಸಕ್ತರೂ ಸ್ಥಳೀಯರೂ ವಿರೋಧಿಸಿದ್ದಾರೆ. ಸಮತೋಲನಕ್ಕೆ ಬೇರೆ ದಾರಿಗಳೆಷ್ಟಿವೆ ಎಂಬುದನ್ನು ಅಳೆಯದೆ ಈ ಚರ್ಚೆ ಪೂರ್ಣವಾಗದು.

ಹಿಂದೆ ಜಾಲದ ಸದಸ್ಯರನ್ನು ಬೆರಳೆಣಿಕೆಯಲ್ಲಿ ಎಣಿಸಬಹುದಿತ್ತು. ಮನೆಯ ಚಾವಣಿಗಳ ಮೇಲೆ ಸೌರ ಫಲಕಗಳು ಏರಿದಂತೆ ಅವರ ಸಂಖ್ಯೆ ಲಕ್ಷಗಳನ್ನು ಮುಟ್ಟುತ್ತಿದೆ. ಅಷ್ಟು ಮಂದಿಯೊಂದಿಗೆ ಕೇಂದ್ರವೊಂದು ಕ್ಷಣಕ್ಷಣವೂ ಮಾತನಾಡಲಾರದು. ಬದಲಾವಣೆ ಗಣನೀಯವಾದಾಗ ಮಾತ್ರ ಸಂದೇಶ ಕಳುಹಿಸುವುದು, ಉಳಿದಂತೆ ಸ್ಥಳೀಯ ಅಳತೆಯನ್ನೇ ನಂಬಿ ನಡೆಯುವುದು, ನೆರೆಯವನ ಅಂಕಿಯನ್ನು ಪರೀಕ್ಷಿಸಿ ಸ್ವೀಕರಿಸುವುದು, ಇವೇ ಮುಂದಿನ ದಾರಿ. ಜೋಗದ ಗವರ್ನರುಗಳು 1948ರಿಂದ ಪಾಲಿಸಿಕೊಂಡು ಬಂದ ನಿಯಮವೂ ಬಹುಮಟ್ಟಿಗೆ ಇದೇ: ಕಂಡದ್ದಕ್ಕೆ ಸ್ಪಂದಿಸು, ನಿನ್ನ ಪಾಲಿನಷ್ಟು ಹೊರು, ಇನ್ನೊಬ್ಬ ಬಿದ್ದರೂ ನೀನು ನಿಲ್ಲು.